ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ: ಬಚ್ಚಲುಮನೆಗೆ ಎಂಸಿಬಿ ಒಂದೇ ಸಾಕೇ?

ಪ್ರಶ್ನೆ: ನಮ್ಮದು ಇಪ್ಪತ್ತೈದು ವರ್ಷ ಹಳೆಯ ಮನೆ, ಬೋರ್‌ವೆಲ್ ನೀರು ಬಳಸುತ್ತೇವೆ. ಕೆಲವು ವಾರಗಳಿಂದ ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಬಂದು ನೋಡಿದ ಎಲೆಕ್ಟ್ರಿಷಿಯನ್, ಎಂಸಿಬಿ (ಮಿತಿ ಮೀರಿ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಇರುವುದರಿಂದ ಭಯವಿಲ್ಲ ಎಂದರು. ಹೇರ್ ಡ್ರೈಯರ್‌ಗಾಗಿ ಬಚ್ಚಲುಮನೆಯ ಕನ್ನಡಿಯ ಪಕ್ಕ ಸಾಕೆಟ್ ಹಾಕಿಸಿ ಎಂದು ಮಗಳು ಕೇಳುತ್ತಿದ್ದಾಳೆ. ಹಾಕಿಸಬಹುದೇ? (ಓದುಗರು, ಹಾಸನ ಜಿಲ್ಲೆ)

ಉತ್ತರ: ಸಾಕೆಟ್ಟಿನ ಮಾತು ಆಮೇಲೆ. ಮೊದಲು ಗೀಸರಿನ ಎಂಸಿಬಿಯನ್ನು ಕೆಳಗಿಳಿಸಿ, ಪ್ಲಗ್ ಕಿತ್ತು, ದುರಸ್ತಿಯಾಗುವವರೆಗೆ ನೀರನ್ನು ಒಲೆಯ ಮೇಲೆ ಕಾಯಿಸಿಕೊಳ್ಳಿ. ಗೀಸರಿನ ಸ್ವಿಚ್ ಆರಿಸಿದರೆ ಸಾಲದು. ಸಾಮಾನ್ಯ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ. ಹಳೆಯ ವೈರಿಂಗಿನಲ್ಲಿ ಫೇಸ್ (ಕರೆಂಟ್ ಬರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದ ಮೇಲೂ ಗೀಸರಿನೊಳಗೆ ಕರೆಂಟ್ ಉಳಿದಿರುತ್ತದೆ.

ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಒದ್ದೆ ಮೈಯ ರೋಧ ಸುಮಾರು 1,000 ಓಮ್‌ಗೆ ಇಳಿದರೆ, 230 ವೋಲ್ಟ್ ತಗುಲಿದಾಗ ದೇಹದ ಮೂಲಕ 230 ಮಿಲಿಆಂಪಿಯರ್, ಅಂದರೆ ಕಾಲು ಆಂಪಿಯರಿಗೂ ಕಡಿಮೆ ಕರೆಂಟ್ ಹರಿಯುತ್ತದೆ. ಪ್ರಾಣ ತೆಗೆಯಲು ಅಷ್ಟು ಧಾರಾಳವಾಗಿ ಸಾಕು. ಆದರೆ 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಬೆರಳಿಗೆ ಜುಮ್ಮೆನ್ನಲು ಸುಮಾರು 1 ಮಿಲಿಆಂಪಿಯರ್ ಸಾಕು. ಈವರೆಗೆ ಅಷ್ಟರಲ್ಲೇ ಉಳಿದಿದ್ದರೆ, ಬಹುಶಃ ಕೈ ಒಣಗಿತ್ತು, ಕಾಲಲ್ಲಿ ಚಪ್ಪಲಿ ಇತ್ತು. ಬರಿಗಾಲಲ್ಲಿ, ಮೈಯೆಲ್ಲ ಒದ್ದೆಯಾಗಿ ನಿಂತ ಮಗುವಿಗೂ ಅಷ್ಟೇ ಆಗುತ್ತದೆಂದು ದಯವಿಟ್ಟು ಭಾವಿಸಬೇಡಿ.

ಈ ಸೋರಿಕೆಗೆ ನಿಮ್ಮ ಬೋರ್‌ವೆಲ್ ನೀರೇ ಕಾರಣವಾಗಿರಬಹುದು. ಗಡಸು ನೀರು ಕಾದಂತೆಲ್ಲ ಗೀಸರಿನೊಳಗೆ ನೀರು ಕಾಯಿಸುವ ಎಲಿಮೆಂಟಿನ ಮೇಲೆ ಸುಣ್ಣದಂತಹ ಬಿಳಿ ಹಕ್ಕಳೆ ಕಟ್ಟುತ್ತದೆ. ಶಾಖ ನೀರಿಗೆ ಸರಿಯಾಗಿ ಇಳಿಯದೆ ಎಲಿಮೆಂಟ್ ಅತಿಯಾಗಿ ಕಾಯ್ದು ಅದರ ಲೋಹದ ಕವಚ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಒಳಗೆ ಕರೆಂಟನ್ನು ತಡೆಯುವ ಮೆಗ್ನೀಸಿಯಂ ಆಕ್ಸೈಡ್ ಪುಡಿಗೆ ತೇವ ಇಳಿದರೆ ಕರೆಂಟ್ ನೀರಿಗೂ ಟ್ಯಾಂಕಿಗೂ ಸೋರತೊಡಗುತ್ತದೆ. ಪೈಪು ಪ್ಲಾಸ್ಟಿಕ್ಕಿನದು ಎಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಲವಣ ಹೆಚ್ಚಿರುವ ನೀರೇ ಕರೆಂಟನ್ನು ಒಯ್ಯುತ್ತದೆ.

ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಸರಿಯಿದ್ದರೆ ಈ ಸೋರಿಕೆ ನಿಮ್ಮ ಬೆರಳಿಗೆ ತಿಳಿಯುವಷ್ಟು ಉಳಿಯಬಾರದಿತ್ತು. ಇಂಥದೇ ದೂರಿಗೆ ಹೋದ ಒಂದು ಮನೆಯಲ್ಲಿ ಗೀಸರಿನ ಮೂರು ಪಿನ್ನಿನ ಟಾಪ್ (ಪ್ಲಗ್) ಬಿಚ್ಚಿ ನೋಡಿದೆ: ಹಸಿರು ಅರ್ಥ್ ತಂತಿಯನ್ನು ದಪ್ಪ ಪಿನ್ನಿಗೆ ಸೇರಿಸದೆ, ಹಿಂದಕ್ಕೆ ಮಡಚಿ, ಕಪ್ಪು ಟೇಪ್ ಸುತ್ತಿ ಒಳಗೆ ತುರುಕಿದ್ದರು. ಹೊರಗಿನಿಂದ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ನಿಮ್ಮ ಟಾಪನ್ನೂ ಸಾಕೆಟ್ಟನ್ನೂ ಬಿಚ್ಚಿಸಿ, ಅರ್ಥ್ ತಂತಿ ಮೇನ್ ಬೋರ್ಡಿನವರೆಗೆ, ಅಲ್ಲಿಂದ ಅರ್ಥ್ ಗುಂಡಿಯವರೆಗೆ ಮುಂದುವರಿದಿದೆಯೇ ಎಂದು ಮೀಟರಿನಲ್ಲಿ ಪರೀಕ್ಷೆ ಮಾಡಿಸಿ. ಅರ್ಥ್ ಸಿಗದಿದ್ದಾಗ ಸಾಕೆಟ್ಟಿನ ಒಳಗೇ ನ್ಯೂಟ್ರಲ್ಲಿಗೆ ಗಂಟು ಹಾಕಿಕೊಡುವವರಿದ್ದಾರೆ. ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದ ದಿನ ಗೀಸರಿನ ಮೈಗೆ ನೇರವಾಗಿ 230 ವೋಲ್ಟ್ ಬರುತ್ತದೆ. ಅದಕ್ಕೆ ಒಪ್ಪಬೇಡಿ.

ಹಾಗೆಂದು ಒಳ್ಳೆಯ ಅರ್ಥಿಂಗ್ ಒಂದೇ ಸಾಕಾಗುವುದೂ ಇಲ್ಲ. ಅರ್ಥ್ ಗುಂಡಿಯ ರೋಧ 5 ಓಮ್ ಎಂದುಕೊಳ್ಳಿ. ಫೇಸ್ ಪೂರ್ತಿಯಾಗಿ ಗೀಸರಿನ ಮೈಗೆ ತಗುಲಿದರೂ ಹೆಚ್ಚೆಂದರೆ 46 ಆಂಪಿಯರ್ ಹರಿಯುತ್ತದೆ, ಆದರೆ 16 ಆಂಪಿಯರಿನ ಸಿ ವರ್ಗದ ಎಂಸಿಬಿ ತಕ್ಷಣ ಬೀಳಬೇಕಾದರೆ 80ರಿಂದ 160 ಆಂಪಿಯರ್ ಬೇಕು. ಅಷ್ಟಿಲ್ಲದಿದ್ದರೆ ಅದು ಬಿಸಿಯಾಗಿ ಬೀಳಲು ಹಲವು ಸೆಕೆಂಡುಗಳೇ ಹಿಡಿಯುತ್ತವೆ, ಆ ಹೊತ್ತೆಲ್ಲ ಗೀಸರಿನ ಮೈಯಲ್ಲಿ ಕರೆಂಟ್ ಇರುತ್ತದೆ. ಆದ್ದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಲೇಬೇಕು. ಫೇಸಿನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್ಲಿನಲ್ಲಿ ಮರಳದಿದ್ದರೆ ಅದು ಸೆಕೆಂಡಿನ ಒಂದು ಭಾಗದಲ್ಲೇ ಎರಡೂ ತಂತಿಗಳನ್ನು ಕಡಿಯುತ್ತದೆ. ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಒತ್ತಿದರೂ ಬೀಳದಿದ್ದರೆ ಬದಲಾಯಿಸಿ. ಪದೇ ಪದೇ ಬೀಳುತ್ತದೆಂದು ಅದನ್ನೇ ತೆಗೆಸಿಬಿಟ್ಟ ಮನೆಗಳನ್ನು ಕಂಡು ನನಗೆ ಸಂಕಟವಾಗಿದೆ, ಏಕೆಂದರೆ ಹಾಗೆ ಬೀಳುವ ಆರ್‌ಸಿಸಿಬಿ ಸಾಮಾನ್ಯವಾಗಿ ಎಲ್ಲೋ ಇರುವ ಸೋರಿಕೆಯನ್ನೇ ತೋರಿಸುತ್ತಿರುತ್ತದೆ.

ಇನ್ನು ಮಗಳ ಸಾಕೆಟ್. ತೊಟ್ಟಿಯಿಲ್ಲದ ಸ್ನಾನದ ಜಾಗದಲ್ಲಿ ಷವರಿನಿಂದ ಸುತ್ತಲೂ 1.2 ಮೀಟರ್, ನೆಲದಿಂದ 2.25 ಮೀಟರ್ ಎತ್ತರದವರೆಗೆ ಸಾಕೆಟ್ ಸಲ್ಲದು ಎಂಬುದು ಅಂತರರಾಷ್ಟ್ರೀಯ ವೈರಿಂಗ್ ನಿಯಮಗಳ ಲೆಕ್ಕ. ಐದಡಿಗೆ ಏಳಡಿಯ ನಮ್ಮ ಬಚ್ಚಲುಮನೆಗಳಲ್ಲಿ ಅಷ್ಟು ಬಿಟ್ಟರೆ ಉಳಿಯುವುದು ಒಂದೆರಡು ಮೂಲೆ ಮಾತ್ರ. ಮೇಲಾಗಿ ಡ್ರೈಯರ್ ಒದ್ದೆ ಕೈಯಲ್ಲೇ ಹಿಡಿಯುವ ಸಾಧನ. ಬಾಗಿಲಾಚೆ, ಮಲಗುವ ಕೋಣೆಯ ಕನ್ನಡಿಯ ಬಳಿ ಸಾಕೆಟ್ ಹಾಕಿಸಿಕೊಡಿ. ಅದೇ ಗೋಡೆಯ ಮೇಲೆ ಗೀಸರಿಗೂ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ ಒಂದನ್ನು ಕೂರಿಸಿದರೆ, ಸ್ನಾನಕ್ಕೆ ಹೋಗುವವರು ಒಣ ಕೈಯಲ್ಲಿ ಅದನ್ನು ಆರಿಸಿ ಒಳಗೆ ಹೋಗಬಹುದು.