ರಾತ್ರಿ ಪಾಳಿಯಲ್ಲಿ ರೋಗಿಯನ್ನು ಕಟ್ಟುವ ಬಗ್ಗೆ

ಮಾನಸಿಕ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಇಬ್ಬರೇ ನರ್ಸ್ ಇದ್ದಾಗ, ಗಲಾಟೆ ಮಾಡುವ ರೋಗಿಯನ್ನು ಮಂಚಕ್ಕೆ ಕಟ್ಟಬಹುದಾ ಅಂತ ಕೇಳಿದ್ದೀರಿ. ಜನ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಕಟ್ಟುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ಶಿಕ್ಷೆ ಕೊಡಲು, ಹೆದರಿಸಲು ಕೂಡ ಕಟ್ಟುವಂತಿಲ್ಲ. ಕಟ್ಟಬೇಕಾದರೆ ರೋಗಿಗೋ ಬೇರೆಯವರಿಗೋ ಆ ಕ್ಷಣದಲ್ಲೇ ಅಪಾಯ ಇರಬೇಕು, ತಡೆಯಲು ಬೇರೆ ದಾರಿ ಇರಬಾರದು, ಹೊಣೆ ಹೊತ್ತ ಮನೋವೈದ್ಯರ ಅನುಮತಿ ಇರಬೇಕು. ಸರಪಳಿಯಂತೂ ಪೂರ್ತಿ ನಿಷೇಧ.

ಕಟ್ಟಲೇಬೇಕಾಗಿ ಬಂದರೆ ವೈದ್ಯಕೀಯ ಸಿಬ್ಬಂದಿ ನಿಯಮಿತವಾಗಿ, ಬಿಡದೆ ನೋಡಿಕೊಳ್ಳುತ್ತಿರಬೇಕು. ಯಾಕೆ, ಹೇಗೆ, ಎಷ್ಟು ಹೊತ್ತು ಎಲ್ಲವೂ ಕೇಸ್ ಶೀಟಿನಲ್ಲಿ ಬರಬೇಕು. ಅದನ್ನು ಬರೆಸುವ ಹೊಣೆ ಆಸ್ಪತ್ರೆಯ ಉಸ್ತುವಾರಿ ಹೊತ್ತ ವೈದ್ಯಾಧಿಕಾರಿ ಅಥವಾ ಮಾನಸಿಕ ಆರೋಗ್ಯ ತಜ್ಞರದ್ದು, ಆದರೆ ಗಡಿಯಾರ ನೋಡುವವರು ನರ್ಸ್‌ಗಳಾದ ನಾವು ತಾನೇ? ರೋಗಿಯ ಪರವಾಗಿ ಕಾಯ್ದೆಯಡಿ ಗೊತ್ತುಮಾಡಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು.

ನಾನು ಹೊಸದರಲ್ಲಿ ಕೆಲಸ ಮಾಡಿದ ಒಂದು ವಾರ್ಡಿನಲ್ಲಿ ‘ರೋಗಿ ಉದ್ರಿಕ್ತ, ಕಟ್ಟಲಾಗಿದೆ’ ಅಂತ ಒಂದೇ ಸಾಲು ಬರೆದಿದ್ದರು. ಬೆಳಿಗ್ಗೆ ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಾಗ ಆ ಅಜ್ಜನ ಮಣಿಕಟ್ಟು ಕೆಂಪಗೆ ಊದಿತ್ತು. ರಾತ್ರಿಯಿಡೀ ಅವರು ಕೇಳಿದ್ದು ಬಾತ್‌ರೂಮಿಗೆ ಹೋಗಬೇಕು ಅಂತ ಅಷ್ಟೇ. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅದಕ್ಕೇ ಹೇಳುತ್ತೇನೆ, ಮೊದಲು ಕೂತು ಮಾತಾಡಿಸಿ. ನೀರು ಬೇಕಾ, ನೋವಿದೆಯಾ, ಭಯವಾ ಕೇಳಿ.

ಡಾಕ್ಟರ್ ಫೋನಿನಲ್ಲಿ ‘ಕಟ್ಟಿಬಿಡಿ’ ಅಂದರೆ ಅವರ ಹೆಸರು, ಸಮಯ ಬರೆದುಕೊಳ್ಳಿ. ಬಂದು ನೋಡಿ ಸಹಿ ಹಾಕಲು ಒತ್ತಾಯಿಸಿ. ಸಿಬ್ಬಂದಿ ಸಾಲದು ಅಂತ ಮೇಲಿನವರಿಗೆ ಬರೆದು ಕೊಡಿ, ಸುಮ್ನೆ ಬಾಯಲ್ಲಿ ಹೇಳಬೇಡಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.