ದಿಂಬಂ ಘಾಟಿಯಲ್ಲಿ ಬ್ರೇಕ್ ಕಾಯುತ್ತದೆ, ಸೆರಾಮಿಕ್ ಡಿಸ್ಕ್ ಹಾಕಿಸಬೇಕಾ? ಅದನ್ನು ಹೇಗೆ ಮಾಡುತ್ತಾರೆ?

ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವಾಗ ಆ 27 ಹೇರ್‌ಪಿನ್ ತಿರುವುಗಳಲ್ಲಿ ಎಲ್ಲರ ಬ್ರೇಕೂ ಕಾಯುತ್ತದೆ. ಅದಕ್ಕೆ ಸೆರಾಮಿಕ್ ಡಿಸ್ಕ್ ಬೇಕಿಲ್ಲ. ಅಂಗಡಿಯಲ್ಲಿ ಸಿಗುವ ‘ಸೆರಾಮಿಕ್ ಪ್ಯಾಡ್’ ಬೇರೆಯದೇ: ಸೆರಾಮಿಕ್ ನಾರು, ಪುಡಿಗಳನ್ನು ರಾಳದಲ್ಲಿ ಬೆರೆಸಿ ಬಿಸಿಯಲ್ಲಿ ಒತ್ತಿದ್ದು. ಧೂಳು, ಕಿರುಚಾಟ ಕಡಿಮೆ. ಡಿಸ್ಕ್ ಮಾತ್ರ ಅದೇ ಎರಕದ ಕಬ್ಬಿಣ.

ಕಾರ್ಬನ್-ಸೆರಾಮಿಕ್ ಡಿಸ್ಕಿನ ತಯಾರಿಯೇ ಸ್ವಾರಸ್ಯ. ತುಂಡರಿಸಿದ ಕಾರ್ಬನ್ ನಾರನ್ನು ಫಿನಾಲಿಕ್ ರಾಳದ ಜೊತೆ ಕಲಸಿ, ಅಚ್ಚಿಗೆ ತುಂಬಿ, ಬಿಸಿ ಮಾಡಿ ಒತ್ತುತ್ತಾರೆ. ಆಮೇಲೆ ಆಮ್ಲಜನಕ ತಾಗದಂತೆ ಸುಮಾರು 900–1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ರಾಳ ಇದ್ದಿಲಾಗುತ್ತದೆ, ಡಿಸ್ಕ್ ತುಂಬ ಸಣ್ಣ ಸಣ್ಣ ತೂತು. ಈಗ ನಿರ್ವಾತ ಕುಲುಮೆಯಲ್ಲಿ ಸಿಲಿಕಾನ್ ಸರದಿ. ಅದು 1414 ಡಿಗ್ರಿಗೆ ಕರಗುತ್ತದೆ. ಇನ್ನೂ ಕಾಯಿಸಿದರೆ, ಬತ್ತಿ ಎಣ್ಣೆ ಹೀರಿದ ಹಾಗೆ ತೂತುಗಳು ಅದನ್ನು ಎಳೆದುಕೊಳ್ಳುತ್ತವೆ. ಒಳಗೆ ಇದ್ದಿಲಿನ ಜೊತೆ ಸೇರಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಗಟ್ಟಿತನ ಬರುವುದು ಅದರಿಂದ. ಬಿರುಕು ಬಿಟ್ಟರೂ ಚೂರಾಗದಂತೆ ಹಿಡಿದಿಡುವುದು ಉಳಿದ ನಾರು. ಕೊನೆಗೆ ವಜ್ರದ ಉಪಕರಣದಿಂದ ಉಜ್ಜಬೇಕು, ಮಾಮೂಲಿ ಉಪಕರಣಕ್ಕೆ ಅದು ಜಗ್ಗುವುದಿಲ್ಲ. ಬೆಲೆ ಲಕ್ಷಗಳಲ್ಲಿರುವುದು ಸುಮ್ನೆ ಅಲ್ಲ!

ಪೋರ್ಷೆ 2001ರ ಸುಮಾರಿಗೆ 911 ಜಿಟಿ2 ಕಾರಿಗೆ ಇದನ್ನು ಹಾಕಿತು. ತೂಕ ಕಬ್ಬಿಣದ ಡಿಸ್ಕಿನ ಹೆಚ್ಚುಕಮ್ಮಿ ಅರ್ಧ.

ನೀವು ಎರಡನೇ ಗೇರಿನಲ್ಲಿ ಇಳಿಯಿರಿ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಹಳೆಯದಾದಷ್ಟೂ ತೇವ ಹೀರಿಕೊಂಡು ಕಡಿಮೆ ಬಿಸಿಗೇ ಕುದಿಯುತ್ತದೆ. ಘಾಟಿಯಲ್ಲಿ ಪೆಡಲ್ ಮೆತ್ತಗಾಗುವುದು ಜಾಸ್ತಿ ಇದರಿಂದಲೇ.