ಗಿರಾಕಿ ಜೊತೆ ಕಾಂಡೋಮ್ ಇದೆ, ಮನೇಲಿ?

ಇದನ್ನ ಬರೀಬಹುದಾ ಅಂತ ಅವರನ್ನೇ ಕೇಳಿ, ಹೂಂ ಅಂದ್ಮೇಲೆ ಬರೀತಿದೀನಿ. ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ನಾನು ಅವರನ್ನ ಅಕ್ಕ ಅಂತ ಕರೀತಿದ್ದೆ, ಇಲ್ಲೂ ಹಾಗೇ ಇರ್ಲಿ. ವಯಸ್ಸು ಮೂವತ್ತು ದಾಟಿದೆ, ಲೈಂಗಿಕ ವೃತ್ತಿಲಿ ಬಹಳ ವರ್ಷದಿಂದ ಇದಾರೆ.

ಬಿಳಿ ಹೋಗ್ತಿದೆ, ವಾಸನೆ ಬರುತ್ತೆ, ಉರಿ ಅಂತ ನಾನು ಆಪ್ತಸಲಹೆ ಕೊಡೋ ಆಸ್ಪತ್ರೆಗೆ ಬಂದಿದ್ರು. ಕೂತ್ಕೊಳ್ತಿದ್ದ ಹಾಗೇ ಹೇಳಿದ ಮೊದಲ ಮಾತು, "ನಾನು ಗಲೀಜಾಗಿರಲ್ಲ ಮೇಡಂ, ದಿನಾ ತೊಳ್ಕೊತೀನಿ." ಯಾರೂ ಕೇಳೇ ಇರ್ಲಿಲ್ಲ. ಇದಕ್ಕೂ ಮುಂಚೆ ಎಲ್ಲೋ ಯಾರೋ ಮುಖ ಸಿಂಡರಿಸಿರ್ಬೇಕು ಅನ್ನಿಸ್ತು, ಅದಕ್ಕೆ ಕಾಯಿಲೆ ಬಗ್ಗೆ ಆಮೇಲೆ ಮಾತಾಡೋಣ, ಹೇಗೆ ತೊಳ್ಕೊತೀರ ಹೇಳಿ ಅಂದೆ. ಪ್ರತಿ ಗಿರಾಕಿ ಹೋದ್ಮೇಲೆ ಬೆರಳಿಗೆ ಸೋಪು ಹಚ್ಕೊಂಡು ಒಳಗಡೆ ತನಕ ತೊಳ್ಕೊತಿದ್ರು, ವಾಸನೆ ಶುರುವಾದ್ಮೇಲೆ ಗಾಯ ತೊಳಿಯೋ ಆಂಟಿಸೆಪ್ಟಿಕ್ ನೀರಿಗೆ ಹಾಕಿ ಅದರಲ್ಲೂ ತೊಳ್ಕೊಳಕ್ಕೆ ಶುರು ಮಾಡಿದ್ರು. ವಾಸನೆ ಜಾಸ್ತಿ ಆದಷ್ಟೂ ತೊಳೆಯೋದು ಜಾಸ್ತಿ, ತೊಳೆದಷ್ಟೂ ವಾಸನೆ ಜಾಸ್ತಿ, ತಿಂಗಳುಗಟ್ಟಲೆ ಹೀಗೇ ಸುತ್ತಿದಾರೆ.

ಅವರಿಗೆ ಹೇಳಿದ್ದು ಇಷ್ಟು. ಯೋನಿ ಒಳಗೆ ನಮ್ಮನ್ನ ಕಾಯೋ ಒಳ್ಳೆ ಬ್ಯಾಕ್ಟೀರಿಯಾ ಇರ್ತವೆ, ಲ್ಯಾಕ್ಟೋಬ್ಯಾಸಿಲಸ್ ಅಂತಾರೆ, ಅವು ಆ ಜಾಗನ ಸ್ವಲ್ಪ ಹುಳಿಯಾಗಿ ಇಟ್ಟಿರ್ತವೆ, ಆ ಹುಳಿಲಿ ಕೆಟ್ಟ ರೋಗಾಣು ಬೆಳೆಯೋದು ಕಷ್ಟ. ಸೋಪು, ಆಂಟಿಸೆಪ್ಟಿಕ್ ಒಳಗೆ ಹೋದ್ರೆ ಮೊದಲು ಸಾಯೋದು ಈ ಕಾವಲಿನವೇ, ಆಮೇಲೆ ಮೀನಿನ ಥರ ವಾಸನೆ ಬರೋ ಸೋಂಕು ಆಗಬಹುದು, ಹಾಗೆ ಆದಾಗ ಎಚ್ಐವಿ, ಗನೋರಿಯಾ ಅಂಥದ್ದು ಅಂಟೋ ಸಾಧ್ಯತೆನೂ ಜಾಸ್ತಿ. ಹೊರಗೆ ಮಾತ್ರ ನೀರಲ್ಲಿ ತೊಳ್ಕೊಳಿ ಸಾಕು, ಒಳಗಡೆ ಅದೇ ಕ್ಲೀನ್ ಆಗುತ್ತೆ. ಸುಮಾರು ಹೊತ್ತು ಸುಮ್ನಿದ್ದು "ಹಾಗಾದ್ರೆ ನಾನೇ ಮಾಡ್ಕೊಂಡಿದ್ದಾ?" ಅಂದ್ರು. ಇಲ್ಲ ಅಕ್ಕ, ಯಾರೂ ಹೇಳಿಕೊಡ್ಲಿಲ್ಲ ಅಷ್ಟೇ ಅಂದೆ. ಡಾಕ್ಟರ್ ನೋಡಿ ಅದಕ್ಕೆ ಏಳು ದಿನದ ಮಾತ್ರೆ ಕೊಟ್ರು.

ಕಾಂಡೋಮ್ ಬಗ್ಗೆ ಕೇಳಿದ್ರೆ, ಅದಿಲ್ದೆ ಯಾರನ್ನೂ ಹತ್ರ ಬಿಡಲ್ಲ ಅಂದ್ರು. ನಂಬಿದೆ, ಆದ್ರೂ ಶಿಶ್ನದ ಮಾದರಿ ಮುಂದಿಟ್ಟು ಒಂದ್ಸಲ ಹಾಕಿ ತೋರಿಸಿ ಅಂದೆ. ಇದನ್ನ ನಾನು ಯಾರಿಗೂ ಬಿಡಲ್ಲ, ಎಷ್ಟೇ ವರ್ಷದ ಅನುಭವ ಇರ್ಲಿ. ಪರ್ಸಿಂದ ಪ್ಯಾಕೆಟ್ ತೆಗೆದ್ರು, ಹಲ್ಲಲ್ಲಿ ಕಚ್ಚಿ ಹರಿದ್ರು, ಉಲ್ಟಾ ಇಟ್ರು, ಉರುಳಲಿಲ್ಲ ಅಂತ ತಿರುಗಿಸಿ ಅದನ್ನೇ ಹಾಕಿದ್ರು, ತುದಿ ಹಿಸುಕಿ ಗಾಳಿ ತೆಗೀಲಿಲ್ಲ. ಎಲ್ಲಾ ಸೇರಿ ಹತ್ತು ಸೆಕೆಂಡ್ ಆಗಿರ್ಬಹುದು. ಹತ್ತು ಸೆಕೆಂಡಲ್ಲಿ ನಾಲ್ಕು ತಪ್ಪು, ಅದ್ರಲ್ಲೂ ಉಲ್ಟಾ ಇಟ್ಟಿದ್ದನ್ನೇ ತಿರುಗಿಸಿ ಹಾಕೋದು ಬಹಳ ದೊಡ್ಡ ತಪ್ಪು, ಯಾಕಂದ್ರೆ ತುದಿಗೆ ಆಗ್ಲೇ ಗಂಡಸಿನ ದ್ರವ ತಾಗಿರ್ಬಹುದು, ತಿರುಗಿಸಿದ್ರೆ ಅದು ಹೊರಬದಿಗೆ ಬಂದು ಸೀದಾ ಇವರ ಒಳಗೇ ಹೋಗುತ್ತೆ. ಉಲ್ಟಾ ಆದ್ರೆ ಬಿಸಾಕಿ, ಹೊಸದು ತಗೊಳಿ. ಉರಿ ಆಗುತ್ತೆ ಅಂತ ಎಣ್ಣೆ, ವ್ಯಾಸಲೀನ್ ಹಚ್ತಿದ್ರಂತೆ, ಅದು ಲೇಟೆಕ್ಸ್‌ನ ಮೆತ್ತಗೆ ಮಾಡಿ ಹರಿಯೋ ಹಾಗೆ ಮಾಡುತ್ತೆ, ವಾಟರ್ ಬೇಸ್ಡ್ ಜೆಲ್ ಮಾತ್ರ ಹಚ್ಚಿ ಅಂದೆ. ಒಂದರ ಮೇಲೊಂದು ಎರಡು ಹಾಕೋದೂ ಬೇಡ, ಉಜ್ಜಿ ಎರಡೂ ಹರೀಬಹುದು. ಹರಿದೇ ಹೋದ್ರೆ ಒಳಗೆ ತೊಳ್ಕೊಂಡು ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ, ಎಚ್ಐವಿ ತಡೆಯೋ ಮಾತ್ರೆ 72 ಗಂಟೆ ಒಳಗೆ ಶುರು ಮಾಡ್ಬೇಕು, ಎಷ್ಟು ಬೇಗ ಅಷ್ಟು ಒಳ್ಳೇದು, 28 ದಿನ ಬಿಡದೆ ನುಂಗ್ಬೇಕು.

ರಕ್ತ ಕೊಟ್ಟು ಹೋದ್ರು. ಎಚ್ಐವಿ ನೆಗೆಟಿವ್, ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಪಾಸಿಟಿವ್.

ಅಕ್ಕ ರಿಪೋರ್ಟ್ ಹಿಡ್ಕೊಂಡು "ಎಲ್ಲರ ಜೊತೆ ಹಾಕಿದೀನಲ್ಲ ಮೇಡಂ" ಅಂದ್ರು. ಆಗ ಕೇಳಿದೆ, ಮನೇಲಿ? ಮನೇಲಿ ನಾಲ್ಕು ವರ್ಷದಿಂದ ಒಬ್ಬರು ಇದಾರೆ, ಮದುವೆ ಆಗಿಲ್ಲ, ಆದ್ರೆ ಅಕ್ಕ "ಮನೆಯವರು" ಅಂತಲೇ ಕರೆಯೋದು. ಅವರ ಜೊತೆ ಒಂದ್ಸಲನೂ ಹಾಕಿಲ್ಲ. ಯಾಕೆ ಅಂತ ನಾನು ಕೇಳ್ಲಿಲ್ಲ, ಯಾಕೆ ಅಂತ ಕೇಳಿದ್ರೆ ತಪ್ಪು ಒಪ್ಕೊಳ್ಳಿ ಅಂದ ಹಾಗೆ ಕೇಳಿಸುತ್ತೆ. ಸುಮ್ನಿದ್ದೆ, ಅವರೇ ಹೇಳಿದ್ರು, "ಅವರ ಜೊತೇನೂ ಹಾಕಿದ್ರೆ ಅವರಿಗೂ ಗಿರಾಕಿಗೂ ಏನು ಮೇಡಂ ವ್ಯತ್ಯಾಸ? ಇಡೀ ದಿನದಲ್ಲಿ ಅದಿಲ್ದೆ ಇರೋ ಜಾಗ ಅದೊಂದೇ."

ಈ ಮಾತನ್ನ ಕಾಯಿಲೆ ಹೆಸರು ಹೇಳಿ ಹೆದರಿಸಿ ಬಾಯಿ ಮುಚ್ಚಿಸೋದು ಸುಲಭ. ಅದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಕ್ಕನಿಗೆ ಕಾಂಡೋಮ್ ಬಗ್ಗೆ ಗೊತ್ತಿಲ್ಲ ಅಂತಲ್ಲ, ಅವರಿಗೆ ಅದು ನಂಬಿಕೆ ಇಲ್ಲದ ಜಾಗದಲ್ಲಿ ಹಾಕೋ ವಸ್ತು. ಹಾಗಾಗಿ ನಾನು ನಂಬಿಕೆ ವಿಷಯಕ್ಕೆ ಕೈ ಹಾಕ್ಲೇ ಇಲ್ಲ. ಸಿಫಿಲಿಸ್ ಹೇಗೆ ಬಚ್ಚಿಟ್ಕೊಂಡಿರುತ್ತೆ ಅನ್ನೋದನ್ನ ಹೇಳಿದೆ, ಮೊದಲು ಬರೋ ಹುಣ್ಣು ಸಾಮಾನ್ಯವಾಗಿ ನೋಯಲ್ಲ, ಯೋನಿ ಒಳಗಾದ್ರೆ ಕಾಣಲ್ಲ, ಕೆಲವು ವಾರಕ್ಕೆ ತಾನೇ ಮಾಯುತ್ತೆ, ರೋಗ ಮಾತ್ರ ರಕ್ತದಲ್ಲಿ ಉಳಿಯುತ್ತೆ. ಕಾಂಡೋಮ್ ಮುಚ್ಚದ ಜಾಗದಲ್ಲಿ ಹುಣ್ಣಿದ್ರೆ ಕಾಂಡೋಮ್ ಇದ್ರೂ ಅಂಟಬಹುದು, ಬಾಯಿಂದಲೂ ಬರಬಹುದು. ಅಂದ್ರೆ ಯಾರಿಂದ ಯಾರಿಗೆ ಬಂತು ಅಂತ ಈ ರಿಪೋರ್ಟ್ ಹೇಳಲ್ಲ, ಮನೆಯವರಿಗೆ ಗೊತ್ತೇ ಇಲ್ಲದೆ ಇರಬಹುದು, ನಿಮಗೂ ಗೊತ್ತಿರ್ಲಿಲ್ಲ, ಇದ್ರಲ್ಲಿ ಮೋಸ ಅನ್ನೋ ಪ್ರಶ್ನೆ ಬರ್ಲೇಬೇಕು ಅಂತಿಲ್ಲ ಅಂದೆ. ಅಲ್ಲಿಗೆ ಅಕ್ಕ ಅಳೋಕೆ ಶುರು ಮಾಡಿದ್ರು.

ಯಾವಾಗ ಬಂದಿದ್ದು ಅಂತ ಗೊತ್ತಿಲ್ಲದ್ದಕ್ಕೆ ಡಾಕ್ಟರ್ ಪೆನಿಸಿಲಿನ್ ಇಂಜೆಕ್ಷನ್ ವಾರಕ್ಕೊಂದರಂತೆ ಮೂರು ಬರೆದ್ರು. ಮೊದಲನೇದು ತಗೊಂಡ ರಾತ್ರಿ ಜ್ವರ, ಮೈಕೈ ನೋವು ಬರಬಹುದು, ಒಂದು ದಿನದಲ್ಲಿ ಹೋಗುತ್ತೆ, ಹೆದರಿ ಬಿಟ್ಬಿಡ್ಬೇಡಿ ಅಂತ ಮೊದಲೇ ಹೇಳಿದ್ದೆ. ಬಂತಂತೆ. ಮೊದಲೇ ಹೇಳಿದ್ದಕ್ಕೆ ಎರಡನೇದಕ್ಕೆ ಬಂದೆ ಅಂದ್ರು.

ಮನೆಯವರಿಗೆ ಹೇಳೋ ವಿಷಯಕ್ಕೆ ಮುಂಚೆ, ಅವರು ಕೈ ಮಾಡ್ತಾರಾ ಅಂತ ನೇರವಾಗಿ ಕೇಳಿದೆ. ಇದನ್ನ ಕೇಳದೆ "ಪಾರ್ಟ್ನರ್‌ನ ಕರ್ಕೊಂಡು ಬನ್ನಿ" ಅಂತ ಕಳಿಸಿದ್ರೆ ಹೆಂಗಸಿನ ಜೀವಕ್ಕೇ ಕುತ್ತು ಬರಬಹುದು. ಕುಡಿದಾಗ ಬೈತಾರೆ, ಹೊಡೆದಿಲ್ಲ ಅಂದ್ರು. ಆಮೇಲೆ ನಾಟಕದ ಥರ ನಾನು ಮನೆಯವರಾದೆ, ಅಕ್ಕ ಅಕ್ಕನಾಗೇ ಇದ್ರು, ಮೂರು ಸಲ ಮಾತಾಡಿ ನೋಡಿದ್ವಿ. ಮೊದಲ ಸಲ "ನಿಮ್ಮಿಂದ ಬಂದಿರ್ಬೇಕು" ಅಂತ ಶುರು ಮಾಡಿದ್ರು, ಮೂರನೇ ಸಲಕ್ಕೆ "ನಂಗೆ ರಕ್ತದಲ್ಲಿ ಸೋಂಕು ಸಿಕ್ಕಿದೆ, ಇಂಜೆಕ್ಷನ್ ತಗೊಂಡ್ರೆ ಹೋಗುತ್ತೆ, ನೀವೂ ಒಂದ್ಸಲ ಟೆಸ್ಟ್ ಮಾಡಿಸ್ಕೊಳಿ, ಅಲ್ಲಿವರೆಗೆ ನಂಗೆ ಬೇಡ" ಅಂತ ಅವರದೇ ಮಾತಲ್ಲಿ ಬಂತು. ಕೆಲಸದ ಬಗ್ಗೆ ಅದ್ರಲ್ಲಿ ಒಂದು ಶಬ್ದ ಇರ್ಲಿಲ್ಲ, ಅದು ಅವರ ಲೆಕ್ಕಾಚಾರ, ನಂಗೆ ಬಹಳ ಹಿಡಿಸ್ತು.

ಆತ ಎರಡು ವಾರ ಮಾತು ಬಿಟ್ರು, ಆಮೇಲೆ ಒಬ್ಬರೇ ಬಂದು ಟೆಸ್ಟ್ ಮಾಡಿಸಿದ್ರು, ಪಾಸಿಟಿವ್, ಅವರ ಟ್ರೀಟ್ಮೆಂಟೂ ಮುಗಿದಿದೆ. ಮನೇಲಿ ಕಾಂಡೋಮ್ ಇನ್ನೂ ಕೆಲವು ಸಲ ಇರುತ್ತೆ, ಕೆಲವು ಸಲ ಇರಲ್ಲ, ಅಕ್ಕ ಸುಳ್ಳು ಹೇಳಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ಟೆಸ್ಟ್ ಅಂತ ಒಪ್ಪಂದ ಮಾಡ್ಕೊಂಡಿದೀವಿ, ಎಚ್ಐವಿ ಬರದಂತೆ ದಿನಾ ನುಂಗೋ ಪ್ರೆಪ್ ಮಾತ್ರೆ ಬಗ್ಗೆನೂ ಡಾಕ್ಟರ್ ಹತ್ರ ಮಾತಾಡಿದೀವಿ. ಅದು ಸಿಫಿಲಿಸ್, ಬಸಿರು ತಡೆಯಲ್ಲ ಅನ್ನೋದನ್ನ ಅವರೇ ನಂಗೆ ವಾಪಸ್ ಹೇಳಿ ತೋರಿಸಿದ್ರು.

ಆರು ತಿಂಗಳಿಗೆ ಸಿಫಿಲಿಸ್‌ನ ಕಾರ್ಡ್ ಟೆಸ್ಟ್ ಮತ್ತೆ ಪಾಸಿಟಿವ್ ಬಂದಾಗ ಗಾಬರಿಯಾದ್ರು. ಆ ಟೆಸ್ಟ್ ಒಮ್ಮೆ ಬಂದ್ರೆ ವಾಸಿಯಾದ್ಮೇಲೂ ಬಹಳ ಜನಕ್ಕೆ ಹಾಗೇ ಇರುತ್ತೆ, ನಾವು ನೋಡೋದು ಆರ್‌ಪಿಆರ್ ಅನ್ನೋ ಇನ್ನೊಂದು ರಕ್ತ ಪರೀಕ್ಷೆಯ ನಂಬರ್, ಅದು ನಾಲ್ಕು ಪಟ್ಟು ಇಳೀಬೇಕು ಅಂತ ಚೀಟಿಲಿ ಬರೆದು ತೋರಿಸಿದೆ. 1:32 ಇದ್ದಿದ್ದು 1:8 ಆಗಿತ್ತು. ಆ ಚೀಟಿ ಮಡಚಿ ಪರ್ಸಿಗೆ ಹಾಕ್ಕೊಂಡ್ರು. ಮುಂದಿನ ಸಲ ಗರ್ಭಕೋಶದ ಬಾಯಿ ಕ್ಯಾನ್ಸರ್ ಟೆಸ್ಟ್ ಇದೆ, ಅದಕ್ಕೆ ಜೊತೆಗೆ ಕೆಲಸ ಮಾಡೋ ಇನ್ನೊಬ್ಬರನ್ನೂ ಕರ್ಕೊಂಡು ಬರ್ತೀನಿ, "ಅವಳೂ ಸೋಪಲ್ಲಿ ತೊಳ್ಕೊತಾಳೆ" ಅಂದ್ರು.